ಕ್ಯಾಮೆರಾದ ಹಿಂದೆ ಹಾಡಿದವರು

ಕಳೆದ ವಾರ ನಮ್ಮ ಜಿಪಿ ಡಾಕ್ಟರ ಹತ್ತಿರ ರಕ್ತಪರೀಕ್ಷೆಗೆ ಹೋಗಿದ್ದೆ. ಸೂಜಿ ಚುಚ್ಚುವ ಮೊದಲು ನರ್ಸ್ ತೋಳಿಗೆ ಸ್ಪಿರಿಟ್ ಒರೆಸಿದಳು. ಆ ವಾಸನೆಗೆ ಎಲ್ಲರಿಗೂ ಆಸ್ಪತ್ರೆ ನೆನಪಾಗುತ್ತದೆ. ನನಗೆ ಕಾಕಾ ನೆನಪಾದರು. ಇಂಗ್ಲೆಂಡಿನ ಕೊವೆಂಟ್ರಿಯ ತಮ್ಮ ಮನೆಯ ಮುಂದಿನ ಕೋಣೆಯಲ್ಲಿ, ಮುಚ್ಚಳ ಬಿಚ್ಚಿಟ್ಟ ವಿಸಿಆರ್ ಮುಂದೆ ಕನ್ನಡಕ ಹಣೆಗೇರಿಸಿ ಕೂತು, ಸ್ಪಿರಿಟ್ಟಿನಲ್ಲಿ ಅದ್ದಿದ ಬಟ್ಟೆಯಿಂದ ಟೇಪು ಓದುವ ಅದರ ಹೆಡ್ ಒರೆಸುತ್ತಿದ್ದ ಕಾಕಾ...

ಅವರು ನಮಗೆ ನೆಂಟರೇನಲ್ಲ. ನಾನು ಮದುವೆಯಾಗಿ ಕೊವೆಂಟ್ರಿಗೆ ಬಂದಾಗ ಪಕ್ಕದ ಮನೆಯಲ್ಲಿದ್ದವರು. ಧಾರವಾಡದ ಕಡೆಯವರು, ಕಾರು ಕಾರ್ಖಾನೆಯಲ್ಲಿ ಇಂಜಿನಿಯರ್. ಆ ಕಾಲಕ್ಕೆ ನಮ್ಮವರಲ್ಲಿ ವಿಡಿಯೊ ಕ್ಯಾಮೆರಾ ಇದ್ದದ್ದು ಅವರೊಬ್ಬರ ಬಳಿ. ಯಾರ ಮನೆಯಲ್ಲಿ ನಾಮಕರಣ, ಪೂಜೆ ಅಂದರೂ ಕಾಕಾ ಕ್ಯಾಮೆರಾ ಹೆಗಲಿಗೇರಿಸಿ ಹಾಜರ್. ಜೊತೆಗೆ ಅವರ ಹೆಂಡತಿ, ನಮ್ಮೆಲ್ಲರ ಕಾಕು, ದೊಡ್ಡ ದೀಪ ಹಿಡಿದುಕೊಂಡು. ಈ ದೇಶದ ಬೆಳಕನ್ನು ನಂಬಿ ಕೂತರೆ ಚಿತ್ರ ತೆಗೆದ ಹಾಗೇ! ಮಕ್ಕಳಿರಲಿಲ್ಲ ಅವರಿಗೆ. ಊರಿನವರ ಮಕ್ಕಳನ್ನೆಲ್ಲ ಟೇಪಿಗೆ ಹತ್ತಿಸಿದರು.

ಆಮೇಲೆ ನಾವು ಬರ್ಮಿಂಗ್‌ಹ್ಯಾಮಿಗೆ ಬಂದೆವು. ಕಾಕು ತೀರಿಕೊಂಡರು. ಎರಡು ಸಾವಿರದ ಹತ್ತು ದಾಟಿ, ನಮ್ಮ ವಿಸಿಆರ್ ಕೆಟ್ಟು, ಕಾಕಾ ತೆಗೆದುಕೊಟ್ಟಿದ್ದ ಮಗನ ನಾಮಕರಣದ ಟೇಪು ಕಪಾಟಿನಲ್ಲಿ ಸುಮ್ಮನೆ ಕೂತಿತ್ತು. ನನಗೆ ಬೇಕಿದ್ದದ್ದು ನಾಮಕರಣವಲ್ಲ, ನನ್ನಮ್ಮ. ಬಾಣಂತನಕ್ಕೆಂದು ಮೈಸೂರಿನಿಂದ ಬಂದಿದ್ದ ಅಮ್ಮ ಆ ಟೇಪಿನಲ್ಲಿ ಎಲ್ಲೂ ಕಾಣುವುದಿಲ್ಲ. ಅಪ್ಪ ಹೋದ ಮೇಲೆ ಅವಳು ಆರತಿಯ ಮುಂದೆ ನಿಲ್ಲುತ್ತಿರಲಿಲ್ಲ. ಮೊಮ್ಮಗನ ತೊಟ್ಟಿಲಿನ ಹತ್ತಿರವೂ ಬರದೆ, ಅಡುಗೆಮನೆ ಬಾಗಿಲಲ್ಲಿ, ಕ್ಯಾಮೆರಾದ ಬೆನ್ನಿಗೆ ನಿಂತಿದ್ದಳು. ನೆನೆದರೆ ಈಗಲೂ ಸಿಟ್ಟು ಬರುತ್ತದೆ, ಯಾರ ಮೇಲೆ ಎಂದು ತಿಳಿಯುವುದಿಲ್ಲ. ಆದರೆ ಟೇಪಿನ ಗರಗರ ಸದ್ದಿನ ನಡುವೆ ಯಾರೋ ಆರತಿ ಹಾಡು ಹೇಳುತ್ತಿದ್ದರು. ಅದು ಅಮ್ಮನೇ ಎಂದು ನಂಬಿದ್ದೆ. ಅಮ್ಮ ಈಗಿಲ್ಲ; ಅವಳ ದನಿ ನನ್ನ ಬಳಿ ಬೇರೆಲ್ಲೂ ಇಲ್ಲ.

ಡಿವಿಡಿ ಡಿಸ್ಕಿಗೆ ಹಾಕಿಕೊಡಿ ಎಂದು ಕೊವೆಂಟ್ರಿಗೆ ಟೇಪು ಒಯ್ದರೆ ಕಾಕಾ ಅದನ್ನು ಮುಟ್ಟಲೂ ಇಲ್ಲ.

"ಇದು ನಕಲು, ತಂಗಿ. ನಕಲಿಂದ ಮತ್ತ ನಕಲು ತಗದ್ರ ಏನ್ ಉಳೀತದ? ಮೂಲ ನನ್ನ ಕಡೆ ಅದ, ಅಟ್ಟದ ಮ್ಯಾಲ."

ಮೂಲ ಟೇಪು ಇಳಿಸಿದರು. ಒಮ್ಮೆ ಪೂರ್ತಿ ಮುಂದಕ್ಕೆ, ಒಮ್ಮೆ ಪೂರ್ತಿ ಹಿಂದಕ್ಕೆ ಓಡಿಸಿ ಅದರ ಜಡ ಬಿಡಿಸಿದರು. ಒಂದೇ ಡಿಸ್ಕಿನಲ್ಲಿ ನಮ್ಮ ಬೇರೆ ಟೇಪುಗಳನ್ನೂ ಸೇರಿಸಬಹುದಲ್ಲ ಎಂದೆ. "ಒಂದ್ ಡಿಸ್ಕಿಗೆ ಒಂದ ತಾಸು. ಹೆಚ್ಚಿಗಿ ತುರುಕಿದ್ರ ಮಂದಿ ಮಾರಿ ಎಲ್ಲಾ ಚೌಕ ಚೌಕ ಆಗ್ತಾವ," ಎಂದು ಗದರಿದರು.

ಟೇಪು ಓಡಿತು. ಎಷ್ಟು ಚೆನ್ನಾಗಿತ್ತು! ಮಗುವಿನ ಕುಲಾವಿಯ ಕಸೂತಿ ಕೂಡ ಕಾಣುತ್ತಿತ್ತು. ಆರತಿ ಬಂತು. ಮೈಕಿನ ಪಕ್ಕದಿಂದಲೇ, ಗರಗರ ಇಲ್ಲದೆ, ಒಂದು ಹೆಣ್ಣುದನಿ ಎದ್ದಿತು.

"ಅಮ್ಮ!" ಎಂದೆ ನಾನು.

"ನಮ್ಮಾಕಿ," ಎಂದರು ಕಾಕಾ, ಅದೇ ಉಸಿರಿನಲ್ಲಿ.

ಮುಖ ಮುಖ ನೋಡಿಕೊಂಡೆವು. ಅವರು ಹಿಂದಕ್ಕೆ ಓಡಿಸಿ ಮತ್ತೆ ಹಾಕಿದರು.

"ಇದು ನಮ್ಮ ಕಡೆ ಹಾಡು. ನಿಮ್ಮ ಮೈಸೂರಾಗ ಎಲ್ಲಿ ಹಾಡ್ತಾರ?"

"ಕಾಕು ಅಮ್ಮಂಗೂ ಕಲಿಸಿದ್ರಲ್ಲ, ಕಾಕಾ. ಬಾಣಂತನ ಪೂರ್ತಿ ಅಡುಗೆಮನೇಲಿ ಇಬ್ರೂ ಅದನ್ನೇ ಹಾಡ್ಕೊಂಡಿರ್ತಿದ್ರು."

ಕಾಕಾ ಟೇಪು ನಿಲ್ಲಿಸಿದರು. ಅದನ್ನೇ ನೋಡುತ್ತ ಹೇಳಿದರು: "ಇಷ್ಟ್ ಮಂದಿದು ಶೂಟಿಂಗ್ ಮಾಡೇನಿ. ಅಕೀದು ಒಂದೂ ಇಲ್ಲ. ದೀಪ ಹಿಡಿಯಾಕ ಬ್ಯಾರೆ ಯಾರಿದ್ರು?"

ನನಗೆ ಅಳು ಬಂತು. ಅವರಿಗೋಸ್ಕರವೋ ನನಗೋಸ್ಕರವೋ ಗೊತ್ತಾಗಲಿಲ್ಲ. ಮತ್ತೆ ಮತ್ತೆ ಕೇಳಿದೆವು. ಒಮ್ಮೆ ಅಮ್ಮ ಅನ್ನಿಸಿದರೆ ಮರುಸಲ ಕಾಕುವೇ ಅನ್ನಿಸಿತು. ಆರತಿಗೆ ಮುಖ ತೋರಿಸದ ಅಮ್ಮ ಬಾಯಿಬಿಟ್ಟು ಹಾಡುವಳೇ? ಅಥವಾ ಮುಖ ತೋರಿಸುವಂತಿಲ್ಲ ಎಂದೇ ಹಾಡಿದಳೇ? ಸದ್ದು ಸ್ಪಷ್ಟವಾದಷ್ಟೂ ನನ್ನ ತಲೆ ಕೆಟ್ಟುಹೋಯಿತು.

ಹಾಡು ಮುಗಿಯುವಲ್ಲಿ ಕ್ಯಾಮೆರಾ ಹಿಡಿದವರು ಎರಡು ಸಲ ಕೆಮ್ಮುತ್ತಾರೆ. "ನನ್ನ ಕೆಮ್ಮು ಕತ್ತರಿಸಿ ಒಗೀಲೇನು? ಕ್ವಾಲಿಟಿ ಕೆಡಸ್ತದ," ಎಂದರು ಕಾಕಾ.

"ಬೇಡ ಕಾಕಾ, ಅದ್ರ ಜೊತೆ ಹಾಡೂ ಹೋದೀತು."

ಕೊನೆಗೆ ಎರಡು ಡಿಸ್ಕ್ ಮಾಡಿದರು. ನನ್ನದನ್ನು ಕೈಗಿಡುತ್ತ, "ನಿನ್ನ ಡಿಸ್ಕಿನ್ಯಾಗ ನಿಮ್ಮವ್ವ, ನನ್ನ ಡಿಸ್ಕಿನ್ಯಾಗ ನಮ್ಮಾಕಿ. ಜಗಳ ಮುಗೀತು," ಎಂದು ನಕ್ಕರು.

ಕಾಕಾ ಹೋಗಿ ವರ್ಷಗಳಾದವು. ಅವರ ಮನೆ ಖಾಲಿ ಮಾಡಿದವರು ಆ ಡಿಸ್ಕನ್ನು ಏನು ಮಾಡಿದರೋ...

ಜಿಪಿ ಹತ್ತಿರದಿಂದ ಬಂದವಳು ನನ್ನ ಡಿಸ್ಕ್ ಹುಡುಕಿ ಹಾಕಿದೆ. ಮಗ ಬಂದಿದ್ದ. ಚಹಾ ಹಿಡಿದು ಪಕ್ಕದಲ್ಲಿ ಕೂತು, "ಹೂ ಈಸ್ ಸಿಂಗಿಂಗ್, ಅಮ್ಮ?" ಎಂದ.

ನಿನ್ನ ಅಜ್ಜಿ ಎಂದು ಬಾಯಿ ತುದಿಗೆ ಬಂದಿತ್ತು. ಆದರೆ ಕಾಕುವಿನ ಪರವಾಗಿ ವಾದಿಸಲು ಈಗ ಯಾರೂ ಉಳಿದಿಲ್ಲ ಅನ್ನಿಸಿತು. "ಗೊತ್ತಿಲ್ಲ ಕಣೋ," ಎಂದೆ.

ಹಾಡು ಮುಗಿಯಿತು. ಕ್ಯಾಮೆರಾದ ಹಿಂದಿನಿಂದ ಯಾರೋ ಎರಡು ಸಲ ಕೆಮ್ಮಿದರು.

"ಆ್ಯಂಡ್ ದಟ್?"

"ಅದು ಕಾಕಾ," ಎಂದೆ. ಅದರಲ್ಲಿ ಮಾತ್ರ ನನಗೆ ಸಂಶಯವಿರಲಿಲ್ಲ.