ನಿಮ್ಮ ತಾತನ ನಂಬರು

ನನಗೆ ಸೋಮವಾರ ಎನ್ನಲು ಬಾಯಿ ಬರುವುದಿಲ್ಲ. ಬರೆಯಲು ಬರುತ್ತದೆ. ನೋಡಿ, ಈಗಷ್ಟೇ ಬರೆದೆ, ಕೈಗೆ ಯಾವ ಸಂಕೋಚವೂ ಆಗಲಿಲ್ಲ. ತೊಂದರೆ ನಾಲಿಗೆಗೆ ಮಾತ್ರ. ನಿಮ್ಮ ತಾತನ ಹೆಸರು ಸೋಮಶೇಖರಪ್ಪ. ಹೆಂಡತಿ ಬಾಯಿಬಿಟ್ಟು ಗಂಡನ ಹೆಸರು ಹೇಳಿದರೆ ಆತನ ಆಯಸ್ಸು ಸವೆಯುತ್ತದೆ ಎಂದು ಹೊಸದುರ್ಗದ ಕಡೆಯ ನಮ್ಮ ಹಳ್ಳಿಯಲ್ಲಿ ಹೇಳಿಕೊಟ್ಟಿದ್ದರು. ಅರ್ಧ ಹೆಸರು ಹೇಳಿದರೆ ಅರ್ಧ ಸವೆಯುತ್ತದೋ ಏನೋ ಎಂದು ಹೆದರಿ, ಮದುವೆಯಾದ ಮೇಲೆ ನಾನು ಆ ವಾರದ ಹೆಸರನ್ನೂ ಬಿಟ್ಟೆ. 'ಭಾನುವಾರದ ಮಾರನೆ ದಿನ' ಎನ್ನುತ್ತಿದ್ದೆ. ನಿಮ್ಮ ಅಮ್ಮ ಸುಜಾತ ಶಾಲೆಗೆ ಸೇರಿದ ಹೊಸದರಲ್ಲಿ ವಾರಗಳ ಹೆಸರು ಹೇಳು ಎಂದರೆ ಭಾನುವಾರದಿಂದ ನೇರವಾಗಿ ಮಂಗಳವಾರಕ್ಕೆ ಹಾರುತ್ತಿದ್ದಳಂತೆ. ಟೀಚರು ನನ್ನನ್ನು ಕರೆಸಿ ಕೇಳಿದಾಗ ನಾನು ನೆಲ ನೋಡುತ್ತಾ ನಿಂತಿದ್ದೆ.

ಮನುಷ್ಯರು ನನ್ನ ಈ ಕುಂದಿಗೆ ಹೊಂದಿಕೊಂಡರು, ಯಂತ್ರಗಳು ಹೊಂದಿಕೊಳ್ಳಲಿಲ್ಲ. ಹೋದ ವರ್ಷ ಮಂಡಿನೋವಿಗೆ ಇಂದಿರಾನಗರದ ಡಾಕ್ಟರ ಬಳಿ ಸಮಯ ಕೇಳಲು ಫೋನ್ ಮಾಡಿದೆ. ಒಂದು ಯಂತ್ರದ ಹೆಣ್ಣು ದನಿ ಬಹಳ ವಿನಯವಾಗಿ ಯಾವ ದಿನ ಬೇಕು ಎಂದು ಕೇಳಿತು. ಭಾನುವಾರದ ಮಾರನೆ ದಿನ ಎಂದೆ. ಧನ್ಯವಾದ, ಭಾನುವಾರಕ್ಕೆ ಕಾಯ್ದಿರಿಸಲಾಗಿದೆ ಎಂದಿತು. ಅಲ್ಲಮ್ಮಾ, ಮಾರನೆ ದಿನ ಎಂದೆ. ಅಷ್ಟರಲ್ಲಿ ಅದು ನನಗೆ ಶುಭದಿನ ಕೋರಿ ಹೊರಟೇಹೋಗಿತ್ತು. ಹೋಗಲಿ, ಭಾನುವಾರವೇ ಆಗಲಿ ಎಂದು ಹೋದರೆ ಬಾಗಿಲಿಗೆ ಬೀಗ. ಯಂತ್ರಕ್ಕೆ ಭಾನುವಾರ ರಜೆಯಿಲ್ಲ, ಡಾಕ್ಟರಿಗೆ ಇದೆ. ಮೆಟ್ಟಿಲ ಮೇಲೆ ಕುಳಿತು ಮಂಡಿ ನೀವಿಕೊಂಡು, ಮನೆಗೆ ಬಂದು ಯಾರಿಗೂ ಹೇಳಲಿಲ್ಲ. ಈಗ ನಿಮಗೆ ಹೇಳುತ್ತಿದ್ದೇನೆ, ನಗಬಹುದು.

ಪ್ರಣತಿ, ನಿಶಾಂತ, ನಿಮ್ಮ ಅಜ್ಜಿ ಫೋನು ಕಂಡರೆ ಮುಖ ಸಿಂಡರಿಸುವ ಮುದುಕಿ ಎಂದು ತಿಳಿಯಬೇಡಿ. ನನ್ನಂಥ ನಾಚಿಕೆಯವರಿಗೆ ಇದರಷ್ಟು ಉಪಕಾರಿ ಇನ್ನೊಂದಿಲ್ಲ. ಮೊದಲು ಟಿನ್ ಫ್ಯಾಕ್ಟರಿಯ ಬಸ್ ನಿಲ್ದಾಣದಲ್ಲಿ ಇಳಿದರೆ, ಯಾವ ಬಸ್ಸು ಎಲ್ಲಿಗೆ ಎಂದು ಕೇಳಲು ಬಾಯಿ ಬಾರದೆ, ಹತ್ತುವವರ ಮುಖ ನೋಡಿ ಅಂದಾಜಿನ ಮೇಲೆ ಹತ್ತುತ್ತಿದ್ದೆ. ಒಮ್ಮೆ ಹಲಸೂರಿಗೆ ಹೊರಟವಳು ಅತ್ತ ಹೊಸಕೋಟೆಯ ದಾರಿ ಹಿಡಿದಿದ್ದೂ ಉಂಟು. ಈಗ ಫೋನಿನಲ್ಲಿ ಒಂದು ನೀಲಿ ಚುಕ್ಕೆ ನನ್ನ ಜೊತೆ ನಡೆಯುತ್ತದೆ. ರಕ್ತಪರೀಕ್ಷೆಯ ವರದಿ ತಾನೇ ಮನೆಗೆ ಬರುತ್ತದೆ. ಊರಿನಲ್ಲಿರುವ ನನ್ನ ಅಕ್ಕನಿಗೆ ಕಿವಿ ಕೇಳಿಸದು. ಆದರೂ ವಿಡಿಯೊದಲ್ಲಿ ನಾವಿಬ್ಬರೂ ಕೈಬಾಯಿ ತಿರುಗಿಸುತ್ತಾ ಅರ್ಧ ಗಂಟೆ ಹರಟುತ್ತೇವೆ. ಹುರುಳಿ ಬಸ್ಸಾರು ಮಾಡಿದೆ ಎಂದು ಅವಳು ತಟ್ಟೆಯನ್ನೇ ಎತ್ತಿ ತೋರಿಸಿದರೆ ನನಗೆ ಇಲ್ಲಿ ಕಮ್ಮನಹಳ್ಳಿಯಲ್ಲಿ ಹಸಿವಾಗುತ್ತದೆ.

ಪಾಸ್‌ವರ್ಡ್ ಎಂಬ ವಿಷಯದಲ್ಲಂತೂ ನಾನು ನಿಮ್ಮೆಲ್ಲರಿಗಿಂತ ಮುಂದೆ. ಯಾರಿಗೂ ಹೇಳಬೇಡಿ, ಯಾರಿಗೂ ಹೇಳಬೇಡಿ ಎಂದು ದಿನಕ್ಕೊಂದು ಮೆಸೇಜು ಬರುತ್ತದೆ. ಹೇಳಬಾರದ ಒಂದು ಮಾತನ್ನು ಕಾಪಾಡಿಕೊಂಡು ಬರುವುದು ನನಗೆ ಹೊಸದೇ? ಸುಜಾತ ನನ್ನ ಫೋನಿಗೆ ತಾತನ ಹೆಸರನ್ನೇ ಪಾಸ್‌ವರ್ಡ್ ಮಾಡಿಕೊಟ್ಟಳು. "ಅಮ್ಮಾ, ನಿನ್ ತಲೆಗೆ ಬಂದೂಕು ಇಟ್ರೂ ನೀನಿದನ್ನ ಹೇಳಲ್ಲ ಬಿಡು" ಎಂದಳು. ಇಲ್ಲಿ ಬರೆದುಬಿಟ್ಟಿರುವುದರಿಂದ ಇನ್ನು ಬದಲಿಸಬೇಕು.

ಹೇಳದಿರುವುದು ನನ್ನೊಬ್ಬಳ ಮೂಢತನವೇನಲ್ಲ. ನಮ್ಮ ಹಳ್ಳಿಯಲ್ಲಿ ಕತ್ತಲಾದ ಮೇಲೆ ಹಾವನ್ನು ಹಾವು ಎನ್ನುತ್ತಿರಲಿಲ್ಲ, ಹುಳ ಎನ್ನುತ್ತಿದ್ದರು. ಸಿಡುಬಿಗೆ ಅಮ್ಮ ಎನ್ನುತ್ತಿದ್ದರು. ಹೆದರಿದ್ದನ್ನೂ ಹೆಸರಿಸುವಂತಿಲ್ಲ, ಪ್ರೀತಿಸಿದ್ದನ್ನೂ ಹೆಸರಿಸುವಂತಿಲ್ಲ. ಎರಡನ್ನೂ ಒಂದೇ ಗೂಡಿನಲ್ಲಿ ಯಾಕಿಟ್ಟರೋ ನನಗೆ ಗೊತ್ತಿಲ್ಲ. ಏಳನೆಯ ತರಗತಿಯವರೆಗೆ ನಮ್ಮ ಮೇಷ್ಟ್ರು ಬೇಕಾದಷ್ಟು ಕಲಿಸಿದರು, ಇದನ್ನು ಕಲಿಸಲಿಲ್ಲ. ಆದರೆ ಅವರು ದುಂಡಗೆ ಬರೆಯುವುದನ್ನು ಕಲಿಸಿದ್ದರಿಂದ ನಾನು ಬಚಾವಾದೆ. ಆಸ್ಪತ್ರೆ, ಪಡಿತರ, ಮತದಾನ, ಎಲ್ಲಿ ಗಂಡನ ಹೆಸರು ಕೇಳಿದರೂ ಬ್ಲೌಸಿನೊಳಗಿನ ಪರ್ಸಿನಿಂದ ಚೀಟಿ ತೆಗೆದು ತೋರಿಸುತ್ತಿದ್ದೆ. ಬರೆದರೆ ದೋಷವಿಲ್ಲ. ಕಾಗದ ಮೂಗರ ಸ್ನೇಹಿತ, ಮಕ್ಕಳೇ. ಅದು ಯಾರನ್ನೂ ಗಟ್ಟಿಯಾಗಿ ಮಾತಾಡಿ ಎನ್ನುವುದಿಲ್ಲ.

ನಿಮ್ಮ ತಾತನ ಕೆಲಸವೇ ಮಾತಿನದು. ದೂರವಾಣಿ ಇಲಾಖೆಯಲ್ಲಿ ಲೈನ್‌ಮ್ಯಾನ್ ಆಗಿದ್ದರು. ಶಿವಾಜಿನಗರ, ಹಲಸೂರು, ಆ ಕಡೆಯ ಕಂಬಗಳೆಲ್ಲ ಅವರಿಗೆ ನೆಂಟರಿದ್ದಂತೆ. ಮನೆಗಳನ್ನು ಅವರು ಬೀದಿಯಿಂದ ಗುರುತಿಸುತ್ತಿರಲಿಲ್ಲ, ಫೋನ್ ನಂಬರಿನಿಂದ ಗುರುತಿಸುತ್ತಿದ್ದರು. ಕೊನೆಗೂ ನಮ್ಮ ಮನೆಗೆ ಫೋನ್ ಬಂದ ಮೇಲೆ, ಯಾವುದೋ ಕಂಬದ ಮೇಲಿಂದ ಲೈನ್ ಪರೀಕ್ಷಿಸುವ ನೆಪದಲ್ಲಿ ನನಗೇ ಫೋನ್ ಮಾಡುತ್ತಿದ್ದರು.

"ಹಲೋ, ಇದು ಯಾರ ಮನೇರೀ?"

"ಲೈನ್‌ಮ್ಯಾನ್ ಮನೆ."

"ಲೈನ್‌ಮ್ಯಾನ್ ಹೆಸರೇನ್ರೀ?"

"ಸರಿಯಾಗ್ ಹಿಡ್ಕೊಳ್ಳಿ, ಬಿದ್ಬಿಟ್ಟೀರ" ಎಂದು ನಾನು ಫೋನ್ ಇಟ್ಟುಬಿಡುತ್ತಿದ್ದೆ.

ಅವರು ಹೋಗಿ ಮೂರು ವರ್ಷವಾಯಿತು. ಹೆಸರು ಹೇಳದೆ ನಾನು ಕಾಪಾಡಿದ ಆಯಸ್ಸು ಅರವತ್ತೆಂಟಕ್ಕೆ ಮುಗಿಯಿತು. ಅವರ ಮೊಬೈಲು ನನ್ನ ಕೈಗೆ ಬಂತು. ಅದರಿಂದ ಯಾರಿಗೆ ಫೋನ್ ಮಾಡಿದರೂ ಆ ಕಡೆ ಅವರ ಹೆಸರೇ ಮೂಡುತ್ತದೆ. ಯಾರೂ ಬದಲಿಸಿಲ್ಲ. ಅಕ್ಕನ ಫೋನಿನಲ್ಲಿ ಕಂಬದ ಪಕ್ಕ ನಿಂತ ಅವರ ಫೋಟೊವೇ ಬರುತ್ತದೆ. "ಲೈನ್‌ಮ್ಯಾನ್ ಕರೀತಾವ್ರೆ" ಎಂದುಕೊಂಡೇ ಅವಳು ಎತ್ತುವುದು. ಬಾಯಲ್ಲಿ ಹೇಳಲಾಗದ ಆ ಹೆಸರು ಹೊತ್ತು ನಾನು ಹತ್ತಾರು ಮನೆಗಳ ಬಾಗಿಲು ತಟ್ಟುತ್ತಿದ್ದೇನೆ ಎನಿಸಿದಾಗ ಒಳಗೊಳಗೇ ಖುಷಿಯಾಗುತ್ತಿತ್ತು. ಅದನ್ನೂ ಯಾರಿಗೂ ಹೇಳಿರಲಿಲ್ಲ.

ಈ ಬೇಸಿಗೆಯಲ್ಲಿ ಫೋನ್ ಕಂಪನಿಯಿಂದ ಮೆಸೇಜು ಬಂತು. ನಂಬರಿನ ಒಡೆಯರು ತೀರಿಕೊಂಡಿರುವುದು ದಾಖಲೆಯಲ್ಲಿದೆ, ಶನಿವಾರದೊಳಗೆ ವಾರಸುದಾರರ ಹೆಸರಿಗೆ ಬದಲಿಸದಿದ್ದರೆ ನಂಬರು ನಿಲ್ಲುತ್ತದೆ ಎಂದಿತ್ತು. ಸುಜಾತ ನನ್ನನ್ನು ಹಲಸೂರಿನ ಫೋನ್ ಅಂಗಡಿಗೆ ಕರೆದುಕೊಂಡು ಹೋದಳು. ಮರಣ ಪ್ರಮಾಣಪತ್ರ, ಆಧಾರ್ ಎಲ್ಲ ಒಪ್ಪವಾಗಿ ಜೋಡಿಸಿ ಒಯ್ದಿದ್ದೆ. ಅಂಗಡಿಯ ಸಾಬರು ಅದನ್ನು ಮುಟ್ಟಲೂ ಇಲ್ಲ.

"ಅಮ್ಮಾ, ಪೇಪರ್ ಜಮಾನ ಮುಗ್ದೋಯ್ತು. ಫೋನಲ್ಲೇ ಮಾಡ್ಕೊಳ್ಳಿ. ವಿಡಿಯೊ ಬರುತ್ತೆ, ಮುಖ ತೋರ್ಸಿ, ಹೆಸರು ಹೇಳಿ, ಖಲಾಸ್. ಮೂರ್ ಚಾನ್ಸ್ ಇದೆ. ಬಹುತ್ ಈಸಿ."

ಬಹುತ್ ಈಸಿ! ನನಗೆ ಈಚೆಗೆ ಬಹಳ ಆಯಾಸ, ಮಕ್ಕಳೇ. ಅದು ಮಂಡಿಯದೂ ಅಲ್ಲ, ಅಡುಗೆಮನೆಯದೂ ಅಲ್ಲ. ನಾನು ನಾನೇ ಎಂದು ದಿನಾ ಬೆಳಗಾದರೆ ಯಾರಿಗಾದರೂ ಸಾಬೀತು ಮಾಡಬೇಕಾದ ಆಯಾಸ. ಅಂದು ಆ ಪರದೆಯಲ್ಲಿ ಒಂದು ದುಂಡನೆಯ ಗೆರೆ ಮೂಡಿ, ಮುಖ ಇದರೊಳಗಿಡಿ ಎಂದಿತು. ಎಡಕ್ಕೆ ತಿರುಗಿ, ಬಲಕ್ಕೆ ತಿರುಗಿ, ಈಗ ಕಣ್ಣು ಮಿಟುಕಿಸಿ ಎಂದಿತು. ಅರವತ್ತೈದು ದಾಟಿದ ವಿಧವೆ ಗುರುತುಪರಿಚಯವಿಲ್ಲದ ಯಂತ್ರಕ್ಕೆ ಕಣ್ಣು ಹೊಡೆದೆ. ಆಮೇಲೆ ಒಬ್ಬ ಹುಡುಗ ಕಾಣಿಸಿಕೊಂಡು ಗಂಡನ ಹೆಸರು ಕೇಳಿದ. ಪಕ್ಕದಲ್ಲಿದ್ದ ಸುಜಾತ ತಡೆಯಲಾರದೆ ತಾನೇ ಹೇಳಿದಳು. "ಮೇಡಂ, ಪಕ್ಕದವರು ಹೇಳ್ಕೊಡೋ ಹಾಗಿಲ್ಲ" ಎಂದು ಅವನು ಕರೆ ಮುಗಿಸಿದ. ಒಂದು ಅವಕಾಶ ಹೋಯಿತು.

ಮಾರನೆಯ ದಿನ ನಾನೊಬ್ಬಳೇ ಕುಳಿತು, ದೊಡ್ಡ ಅಕ್ಷರದಲ್ಲಿ ಹೆಸರು ಬರೆದ ಹಾಳೆಯನ್ನು ಎದೆಯ ಮೇಲೆ ಹಿಡಿದುಕೊಂಡೆ. ಪೊಲೀಸರು ಕಳ್ಳರ ಫೋಟೊ ತೆಗೆಸುತ್ತಾರಲ್ಲ, ಹಾಗೆ. ಬರೆದದ್ದು ನಡೆಯುವುದಿಲ್ಲ, ಬಾಯಲ್ಲಿ ಹೇಳಬೇಕು ಎಂದರು ಪರದೆಯಲ್ಲಿದ್ದವರು. ನಾನು ಬಾಯಿ ತೆರೆದೆ. 'ಸೋ' ಎಂದವಳು ಮುಂದೆ ಹೋಗದೆ ಹಾಳೆಯನ್ನೇ ಮತ್ತೆ ಎತ್ತಿ ತೋರಿಸಿದೆ. ಸಮಯ ಮೀರಿದೆ ಎಂದು ಪರದೆ ಕಪ್ಪಾಯಿತು.

ಸಂಜೆ ಸುಜಾತ ಆಫೀಸಿನಿಂದ ಬಂದವಳು ಸಿಟ್ಟಿನಲ್ಲಿ ಚೀಲ ಒಗೆದಳು. "ಯಾಕಮ್ಮಾ ಹೀಗ್ ಮಾಡ್ತೀಯ? ಅಪ್ಪ ಈಗ ಇಲ್ಲ. ಇನ್ಯಾರ ಆಯಸ್ಸು ಕಾಯ್ತಿದೀಯ?" ಅಂದ ಮೇಲೆ ಅವಳಿಗೇ ಕೆಡುಕೆನಿಸಿ ಕಾಫಿ ಮಾಡಲು ಹೋದಳು. ಅವಳು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ನಾನೂ ಬೆಳಗಿನಿಂದ ಅದನ್ನೇ ಕೇಳಿಕೊಳ್ಳುತ್ತಿದ್ದೆ. ಹೆದರಿಕೆ ಅವರ ಜೊತೆಯಲ್ಲೇ ಹೋಗಿತ್ತು. ಉಳಿದಿದ್ದು ಅಭ್ಯಾಸವೋ, ಮರ್ಯಾದೆಯೋ, ಇನ್ನೊಂದೋ. ಅವರಿಗಾಗಿ ನಾನು ಇನ್ನೂ ಮಾಡುತ್ತಿದ್ದ ಕೆಲಸ ಅದೊಂದೇ ಆಗಿತ್ತು ಎಂದು ಕಾಣುತ್ತದೆ. ಅದನ್ನೂ ಬಿಟ್ಟರೆ ಇನ್ನೇನು ಉಳಿಯಿತು? ಬಿಡದಿದ್ದರೆ ನಂಬರು ಉಳಿಯುವುದಿಲ್ಲ.

ಶನಿವಾರ ಮಧ್ಯಾಹ್ನ ಮೂರನೆಯ ಸಲ ಕುಳಿತೆ. ಮನೆಯಲ್ಲಿ ಯಾರೂ ಇರಲಿಲ್ಲ. ತಿರುಗುವುದು, ಕಣ್ಣು ಮಿಟುಕಿಸುವುದು ಎಲ್ಲ ಮುಗಿದ ಮೇಲೆ ಕಾಣಿಸಿದ್ದು ಹಣೆಗೆ ಸಣ್ಣ ಬೊಟ್ಟಿಟ್ಟ ಒಬ್ಬ ಹುಡುಗಿ. ಗಂಡನ ಹೆಸರು ಹೇಳಿ ಎಂದಳು. ನಾನು ಬಾಯಿಗೆ ಸೆರಗು ಒತ್ತಿಕೊಂಡೆ. ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ಪುಸ್ತಕದ ಮಾತು ಬಿಟ್ಟಳು.

"ಅಜ್ಜಿ, ಹೆಸರು ಗೊತ್ತಿಲ್ಲಂತಲ್ಲ. ಹೇಳಾಕ ಆಗವಲ್ದು, ಹೌದಿಲ್ರಿ?"

ನಾನು ತಲೆಯಾಡಿಸಿದೆ.

"ನಮ್ಮಜ್ಜಿನೂ ಹಿಂಗ ರೀ. ರೇಷನ್ ಅಂಗಡಿಗೆ ನನ್ನ ಕರ್ಕೊಂಡ್ ಹೋಗ್ತಿದ್ಲು, ಅಜ್ಜನ ಹೆಸರು ಹೇಳಾಕಷ್ಟ. ಒಂದ್ ಕೆಲಸ ಮಾಡ್ರಿ, ಒಡಪ ಹಾಕ್ರಿ. ಒಡಪದಾಗ ಹೇಳಿದ್ರ ಯಾವ ದೋಷೂ ಇಲ್ಲ."

"ಅದ್ ನಡೆಯುತ್ತೇನಮ್ಮಾ, ಕಂಪ್ಯೂಟರಿಗೆ?"

"ಹೆಸರು ಕೇಳಿದ್ರ ಆತು ಅದಕ್ಕ. ಹಿಂದ ಮುಂದ ಏನರ ಇರ್ಲಿ. ನಾ ಅದೀನಿ, ಹೇಳ್ರಿ."

ಒಡಪು ಎಂದರೆ ನಿಮಗೆ ಗೊತ್ತಿರಲಾರದು. ನಮ್ಮ ಕಡೆ ಮದುವೆಯಾಗಿ ಬಂದ ಹೊಸ ಹೆಣ್ಣನ್ನು ಹೊಸಿಲಲ್ಲೇ ತಡೆದು, ಪದ ಕಟ್ಟಿ ಗಂಡನ ಹೆಸರು ಹೇಳಿದರೆ ಮಾತ್ರ ಒಳಗೆ ಬಿಡುತ್ತಾರೆ. ಪದದೊಳಗೆ ಹೆಸರು ಅವಿತುಕೊಂಡಿರುವುದರಿಂದ ಆಯಸ್ಸಿಗೆ ಕಣ್ಣು ತಾಗದು ಎಂದು ಹಿರಿಯರೇ ಮಾಡಿಕೊಟ್ಟ ಕಿಂಡಿ ಅದು. ನಾನು ಮದುವೆಯ ದಿನ ಹೊಸಿಲ ಮುಂದೆ ಅಷ್ಟು ಹೊತ್ತು ನಿಂತರೂ ಬಾಯಿ ಬಿಡಲಿಲ್ಲ. ಬಿಸಿಲೇರಿತು. ಕೊನೆಗೆ ನಾದಿನಿ ಬೇಸತ್ತು ನನ್ನ ಪರವಾಗಿ ತಾನೇ ಒಂದು ಹೇಳಿ ಒಳಗೆಳೆದುಕೊಂಡಳು. ಹಾಗೆ ನಾನು ಹೇಳದೇ ಒಳಗೆ ಬಂದ ಸೊಸೆ.

ಆ ಹುಡುಗಿ ಗಡಿಯಾರ ನೋಡಲಿಲ್ಲ. ನಾನು ಸೆರಗು ಸರಿಮಾಡಿಕೊಂಡೆ. ಎಲ್ಲಿಂದ ಬಂತೋ, ಅಲ್ಲೇ ಕಟ್ಟಿದೆ.

"ಕಂಬದಿಂದ ಕಂಬಕ್ಕೆ ತಂತಿ ಎಳೆದರು,
ಊರಿನ ಮಾತೆಲ್ಲ ಮನೆಮನೆಗೆ ತಂದರು,
ನನ್ನೊಂದು ಮಾತಿಗೆ ಕಾದೇ ಕೂತರು
ಸೋಮಶೇಖರಪ್ಪನವರು."

ಹುಡುಗಿ ಬಹಳ ಮೆಲ್ಲಗೆ, "ಅಜ್ಜಿ, ಹೆಸರಿನ್ಯಾಗ ನೆಟ್‌ವರ್ಕ್ ಕಟ್ ಆತ್ರಿ. ಇನ್ನೊಮ್ಮೆ" ಎಂದಳು. ಹೇಳಿದೆ. ಎರಡನೆಯ ಸಲವೂ ಅದೇ ಜಾಗದಲ್ಲಿ ಕಡಿಯಿತು. ಮೂರನೆಯ ಸಲ ನನಗೇ ರೇಗಿ, ಪದ ಗಿದ ಬಿಟ್ಟು, ಪಕ್ಕದ ಮನೆಗೆ ಕೇಳುವಂತೆ "ಸೋಮಶೇಖರಪ್ಪ!" ಎಂದು ಕೂಗಿದೆ. ಬೀದಿಯಲ್ಲಿ ಹೋಗುತ್ತಿದ್ದ ಸೊಪ್ಪಿನವಳು ತಿರುಗಿ ನೋಡಿದಳು. ಆಕಾಶ ಕಳಚಿ ಬೀಳಲಿಲ್ಲ. ಹುಡುಗಿ ಬಾಯಿಗೆ ಕೈ ಅಡ್ಡಹಿಡಿದು ನಕ್ಕು, "ಆತ್ರಿ ಅಜ್ಜಿ. ನಂಬರು ನಿಮ್ದಾತು" ಎಂದಳು.

ಕರೆ ಮುಗಿದ ಮೇಲೆ, ಗುಣಮಟ್ಟಕ್ಕಾಗಿ ಈ ಸಂಭಾಷಣೆಯನ್ನು ದಾಖಲಿಸಿಕೊಳ್ಳಲಾಗಿದೆ ಎಂದು ಪರದೆ ಹೇಳುತ್ತಿತ್ತು. ಹಾಗಾದರೆ ನನ್ನ ದನಿಯಲ್ಲಿ ಅವರ ಹೆಸರು ಯಾವುದೋ ಊರಿನ ಯಾವುದೋ ಕಂಪ್ಯೂಟರಿನಲ್ಲಿ ಭದ್ರವಾಗಿದೆ. ಕಂಪನಿಗೆ ಕೇಳಿಸಿತು, ಸೊಪ್ಪಿನವಳಿಗೆ ಕೇಳಿಸಿತು. ಕೇಳಬೇಕಾಗಿದ್ದವರೊಬ್ಬರಿಗೆ ಕೇಳಿಸಲಿಲ್ಲ. ತಂತ್ರಜ್ಞಾನದಿಂದ ಒಳ್ಳೆಯದೋ ಕೆಟ್ಟದ್ದೋ ಎಂದು ನಿಮ್ಮ ಶಾಲೆಯಲ್ಲಿ ಪ್ರಬಂಧ ಬರೆಸುತ್ತಾರಲ್ಲ, ಅದರಲ್ಲಿ ನಾನು ಬರೆಯುವುದು ಇಷ್ಟೇ. ಅದು ನನ್ನ ಬಾಯಿ ಬಿಡಿಸಿತು. ತಡವಾದದ್ದು ಅದರ ತಪ್ಪಲ್ಲ.

ಅಷ್ಟರಲ್ಲಿ ಇನ್ನೊಂದು ಮೆಸೇಜು ಬಂತು. ಈ ಸಂಭಾಷಣೆಗೆ ಒಂದರಿಂದ ಐದರೊಳಗೆ ಎಷ್ಟು ಅಂಕ ಕೊಡುತ್ತೀರಿ ಎಂದು ಕೇಳಿದ್ದರು. ಹುಡುಗಿಗೆ ಐದು ಒತ್ತಿದೆ. ನನಗೆ ಕೊಟ್ಟುಕೊಳ್ಳಲು ಅವರು ಜಾಗವಿಟ್ಟಿರಲಿಲ್ಲ. ಇಟ್ಟಿದ್ದರೆ, ಹೆಸರು ತಡವಾಗಿ ಬಾಯಿಗೆ ಬಂದಿದ್ದಕ್ಕೆ ಎರಡು ಕಳೆದು, ಬಂದಿದ್ದಕ್ಕೆ ಮೂರು ಕೊಡುತ್ತಿದ್ದೆ.