ರಝಿಯಕ್ಕನ ಮನೆಯ ಗೀಸರ್

ಗುರುವ ಗಲ್ಫಿನ ಮತ್ರಾ ಎಂಬ ಊರಿಗೆ ಬಂದು ಇಪ್ಪತ್ತಾರು ವರ್ಷ. ಸೂಕ್ ಎಂಬ ಹಳೆಯ ಪೇಟೆಯ ಹಿಂದಿನ ಗಲ್ಲಿಗಳಲ್ಲಿ ನಲ್ಲಿ, ಪೈಪು, ಗೀಸರ್ ಯಾವುದು ಕೆಟ್ಟರೂ ಜನ ಅವನಿಗೇ ಫೋನ್ ಮಾಡುತ್ತಿದ್ದರು. ಕಾಪು ಕಡೆಯ ಈ ಮನುಷ್ಯ ಮುಟ್ಟಿದ್ದು ಮತ್ತೆ ಸೋರುವುದಿಲ್ಲ ಎಂಬ ಹೆಸರಿತ್ತು. ಆ ಹೆಸರಿನ ಮೇಲೆ ಅವನಿಗೂ ಹೆಮ್ಮೆಯಿತ್ತು.

ಜನವರಿಯ ಒಂದು ಶುಕ್ರವಾರ ಬೆಳಿಗ್ಗೆ ರಝಿಯಾ ಫೋನ್ ಮಾಡಿದಳು. ಉಳ್ಳಾಲದ ಬ್ಯಾರಿ ಹೆಂಗಸು, ಇಲ್ಲಿ ಟೀಚರ್. ಗಂಡ ತೀರಿಹೋದ ಮೇಲೂ ಹಾಸಿಗೆ ಹಿಡಿದ ಅತ್ತೆಯೊಂದಿಗೆ ಅದೇ ಹಳೆಯ ಬಾಡಿಗೆ ಮನೆಯಲ್ಲಿದ್ದಳು. ಗೀಸರಿನಿಂದ ನೀರು ತೊಟ್ಟಿಕ್ಕುತ್ತಿದೆ, ಪುರುಸೊತ್ತಾದಾಗ ಬಂದರೆ ಸಾಕು ಎಂದಳು. ಗುರುವ ಹತ್ತಿರದಲ್ಲೇ ಇದ್ದ, ಕೂಡಲೇ ಹೋದ.

ಬಚ್ಚಲಿನ ಬಾಗಿಲಲ್ಲೇ ಅವನ ಕಾಲು ನಿಂತಿತು. ತೊಟ್ಟಿಕ್ಕುತ್ತಿದ್ದ ನೀರಿನಿಂದ ಹಬೆ ಏಳುತ್ತಿತ್ತು. ಗೋಡೆಯ ಮೇಲಿನ ಟ್ಯಾಂಕ್ ಒಳಗೊಳಗೇ ಗುರುಗುಟ್ಟುತ್ತಿತ್ತು, ಒಂದು ಕಡೆ ತಗಡು ಉಬ್ಬಿತ್ತು. ಒತ್ತಡ ಹೆಚ್ಚಿದಾಗ ನೀರನ್ನು ಹೊರಬಿಡಬೇಕಾದ ಸೇಫ್ಟಿ ವಾಲ್ವಿನ ಬಾಯಿಗೆ ಹಿತ್ತಾಳೆಯ ಪ್ಲಗ್ ಬಿಗಿದಿತ್ತು.

ಸ್ವಿಚ್ ಒತ್ತಿದ. ಕೆಂಪು ದೀಪ ಆರಲಿಲ್ಲ, ಸ್ವಿಚ್ ಒಳಗೇ ಅಂಟಿಕೊಂಡು ನೀರು ಕಾಯುತ್ತಲೇ ಇತ್ತು. ಪ್ಯಾಸೇಜಿಗೆ ಓಡಿ ಮೇನ್ ಆಫ್ ಮಾಡಿದ. ದೀಪ ಆರಿತು, ಸದ್ದು ಮಾತ್ರ ನಿಲ್ಲಲಿಲ್ಲ.

"ರಝಿಯಕ್ಕ, ಅಮ್ಮನನ್ನು ಹೊರಗೆ ತರಬೇಕು. ಈಗಲೇ."

"ಅವರಿಗೆ ಕೂರಲಿಕ್ಕೇ ಆಗುವುದಿಲ್ಲ ಗುರುವಣ್ಣ. ನಲ್ಲಿ ಬಿಟ್ಟು ನೀರು ಖಾಲಿ ಮಾಡಿದರೆ ಆಗುವುದಿಲ್ವಾ?"

"ಈಗ ಅದನ್ನು ಮುಟ್ಟುವ ಹಾಗಿಲ್ಲ, ಒಡೆದರೂ ಒಡೆಯಬಹುದು. ಅಮ್ಮನ ಮಂಚ ಆ ಗೋಡೆಗೇ ತಾಗಿ ಉಂಟು."

ಇಬ್ಬರೂ ಬೆಡ್‌ಶೀಟಿನ ತುದಿಗಳನ್ನು ಹಿಡಿದು ಮುದುಕಿಯನ್ನು ಎತ್ತಿದರು. ಹೊರಗೆ ಹೋಗಲು ಬಚ್ಚಲಿನ ಮುಂದೆಯೇ ದಾಟಬೇಕು. ಸರಿಯಾಗಿ ಅಲ್ಲಿಗೆ ಬಂದಾಗ ಟ್ಯಾಂಕಿನೊಳಗೆ ಏನೋ ಟಣ್ ಎಂದಿತು. ರಝಿಯಾ ನಿಂತುಬಿಟ್ಟಳು. ಗುರುವ ಹಿಂದೆ ನೋಡದೆ ಎಳೆದುಕೊಂಡೇ ನಡೆದ. ಗಲ್ಲಿಯ ತಿರುವು ದಾಟಿ ಒಂದು ಜಗಲಿಯ ಮೇಲೆ ಮುದುಕಿಯನ್ನು ಮಲಗಿಸಿದ ಮೇಲೆ, ಅಕ್ಕಪಕ್ಕದ ಬಾಗಿಲು ಬಡಿದು ಎಲ್ಲರನ್ನೂ ಹೊರಗೆ ಕರೆದ.

ಟ್ಯಾಂಕ್ ತಣಿಯುವವರೆಗೆ ಕಾಯುವುದೇ ಕೆಲಸ. ಯಾವನೋ ತಲೆಯಿಲ್ಲದವನು ಆ ಪ್ಲಗ್ ಹಾಕಿದ್ದಾನೆ, ಸಿಕ್ಕರೆ ಕೇಳಬೇಕು ಎಂದು ರಝಿಯಾ ಹೇಳುತ್ತಲೇ ಇದ್ದಳು. ಗುರುವ ಆ ಪ್ಲಗನ್ನು ಕಂಡ ಕ್ಷಣವೇ ಗುರುತಿಸಿದ್ದ. ಒಂಬತ್ತು ವರ್ಷದ ಹಿಂದೆ ವಾಲ್ವ್ ಸೋರುತ್ತಿತ್ತು, ಹೊಸದು ಅಂಗಡಿಯಲ್ಲಿರಲಿಲ್ಲ. ಮುಂದಿನ ವಾರ ಬದಲಿಸುತ್ತೇನೆ ಎಂದು ಅವಳ ಗಂಡನಿಗೆ ಹೇಳಿ ವಾಲ್ವಿನ ಬಾಯಿಗೆ ಆ ಪ್ಲಗ್ ಬಿಗಿದಿದ್ದ. ಆಮೇಲೆ ಮರೆತಿದ್ದ. ಆ ವಿಷಯ ಗೊತ್ತಿದ್ದವನು ಈಗ ಬದುಕಿಲ್ಲ. ಸುಮ್ಮನಿದ್ದರೆ ಮುಗಿಯುತ್ತಿತ್ತು.

"ಅದನ್ನು ಹಾಕಿದ್ದು ನಾನೇ," ಎಂದ.

ರಝಿಯಾ ಅತ್ತೆಯ ಕಾಲಿಗೆ ಹೊದಿಕೆ ಸರಿಮಾಡಿದಳು. ಅವನತ್ತ ನೋಡದೆ ಕೇಳಿದಳು: "ಇನ್ನೆಷ್ಟು ಮನೆಯಲ್ಲಿ ಹೀಗೆ ಮಾಡಿದ್ದೀರಿ?"

ಗುರುವ ಬೆರಳು ಮಡಿಚುತ್ತಾ ಹಳೆಯ ಕೆಲಸಗಳನ್ನು ಒಂದೊಂದಾಗಿ ನೆನಪಿಸಿಕೊಳ್ಳತೊಡಗಿದ.

ಮಧ್ಯಾಹ್ನದ ಹೊತ್ತಿಗೆ ಸದ್ದು ಅಡಗಿತು. ಸಂಜೆ ನೀರು ಖಾಲಿ ಮಾಡಿ ಟ್ಯಾಂಕ್ ಇಳಿಸಿದಾಗ, ತುಕ್ಕು ತಿಂದ ತಳ ಅವನ ಹೆಬ್ಬೆರಳು ಒತ್ತಿದ್ದಕ್ಕೇ ಕುಸಿಯಿತು. ಮರುದಿನ ಹೊಸ ಗೀಸರ್ ಕೂರಿಸಿ, ವಾಲ್ವ್ ತೆರೆದುಕೊಳ್ಳುವುದನ್ನು ರಝಿಯಾಳಿಗೆ ತೋರಿಸಿದ. ಅವಳು ತಲೆಯಾಡಿಸಿದಳು, ಅಷ್ಟೇ.

ಆ ವಾರವಿಡೀ ಗುರುವ ತಾನು ಹಿಂದೆ ಗೀಸರ್ ರಿಪೇರಿ ಮಾಡಿದ್ದ ಮನೆಗಳ ಬಾಗಿಲನ್ನು ಯಾರೂ ಕರೆಯದೆಯೇ ತಟ್ಟಿದ. ಇನ್ನೆರಡು ಪ್ಲಗ್ ಸಿಕ್ಕವು. ಮೂರನೆಯದನ್ನು ಹಾಕಿದ ನೆನಪಿದ್ದ ಮನೆಗೆ ಈಗ ಬೇರೆಯವರು ಬಂದಿದ್ದರು. ನಮ್ಮ ಗೀಸರ್ ಸೋರುತ್ತಿಲ್ಲ, ಹೋಗಿ ಎಂದು ಒಳಗಿನ ಹೆಂಗಸು ಬಾಗಿಲು ಹಾಕಿಕೊಂಡಳು. ಗುರುವ ಹೊಸ ವಾಲ್ವನ್ನು ಕೈಯಲ್ಲಿ ಹಿಡಿದು ಮೆಟ್ಟಿಲ ಮೇಲೇ ಕೂತ. ಒಂದು ಗಂಟೆಯ ಮೇಲೆ ಅವಳು ಬಾಗಿಲು ತೆರೆದಳು.