ಇಟ್ಟಂಗಿಯ ಲೆಕ್ಕದಲ್ಲಿ ಗಾಲ್ಫ್

ನಾನು ಗಾಲ್ಫ್ ಆಡಿ ಹೊಟ್ಟೆ ಹೊರೆದವನು. ಬೆಳಗಾವಿಯಲ್ಲಿ ಹುಟ್ಟಿ ಇದನ್ನು ಹೇಳಿಕೊಳ್ಳುವುದು ಅಷ್ಟು ಸುಲಭವಲ್ಲ. ಮಗ ಏನು ಮಾಡುತ್ತಾನೆ ಎಂದು ಮಹಾಂತೇಶ ನಗರದಲ್ಲಿ ಯಾರಾದರೂ ಕೇಳಿದರೆ ಮಾಸ್ತರ, ಬ್ಯಾಂಕು, ಇಲ್ಲವೆ ಉದ್ಯಮಬಾಗದ ಕಾರ್ಖಾನೆ, ಇಷ್ಟರೊಳಗೆ ಉತ್ತರ ಬರಬೇಕಿತ್ತು. ನಮ್ಮ ಅವ್ವ ಬುದ್ಧಿವಂತೆ. "ಕ್ಯಾಂಪಿನ್ಯಾಗ ಅದಾನ್ರಿ" ಎಂದು ಹೇಳಿ ಸುಮ್ಮನಾಗುತ್ತಿದ್ದಳು. ಕೇಳಿದವರು ಮಿಲಿಟರಿ ಎಂದುಕೊಂಡು ಗೌರವದಿಂದ ತಲೆಯಾಡಿಸುತ್ತಿದ್ದರು. ಗಾಲ್ಫ್ ಮೈದಾನ ಇದ್ದದ್ದು ಕ್ಯಾಂಪಿನಲ್ಲೇ ಆದ್ದರಿಂದ ಅವಳು ಸುಳ್ಳು ಹೇಳಿದಂತೆಯೂ ಆಗಲಿಲ್ಲ. ಅಪ್ಪ ಮಾತ್ರ ಮುಚ್ಚಿಡುವ ಪೈಕಿ ಅಲ್ಲ. ಉದ್ಯಮಬಾಗದಲ್ಲಿ ಆಯುಷ್ಯವಿಡೀ ಕಬ್ಬಿಣ ಕರಗಿಸಿದ ಮನುಷ್ಯ. "ಚೆಂಡ ಹೊಡೀತಾನ, ಹುಡುಕ್ಯಾಡತಾನ, ಸಿಕ್ಕಕೂಡ್ಲೆ ಮತ್ತ ಹೊಡೀತಾನ. ಮೊದಲ ಕೈಯಾಗಿದ್ದಾಗನ ಇಟ್ಕೊಂಡಿದ್ರ ಆಗ್ತಿತ್ತು" ಎನ್ನುತ್ತಿದ್ದ.

ಕಾಕಾ ಆ ಮೈದಾನದ ಹುಲ್ಲು ನೋಡಿಕೊಳ್ಳುತ್ತಿದ್ದ. ಅವನ ಹಿಂದೆ ಹೋಗಿ ನಾನು ಆಡಲು ಬರುವ ಸಾಹೇಬರ ಕೋಲಿನ ಚೀಲ ಹೊತ್ತೆ, ಅವರು ಬೇಡವೆಂದು ಬಿಟ್ಟ ಕೋಲಿನಿಂದ ಹೊಡೆಯುವುದನ್ನು ಕಲಿತೆ, ಆಮೇಲೆ ಅವರಿಗೇ ಕಲಿಸತೊಡಗಿದೆ. ಬೆಂಗಳೂರಿಗೆ ಹೋಗಿ ಅರ್ಹತೆಯ ಪಂದ್ಯ ಆಡಿ ವೃತ್ತಿಯ ಆಟಗಾರನಾಗಿ ಬಂದೆ. ವೃತ್ತಿಯ ಆಟಗಾರ ಎಂದರೆ ದೊಡ್ಡದೇನೋ ಎಂದುಕೊಳ್ಳಬೇಡಿ. ಪುಣೆ, ಕಲ್ಕತ್ತಾ ಎಂದು ರೈಲು ಹತ್ತಿ ಹೋಗಿ, ಎರಡು ದಿನ ಆಡಿ, ಉಳಿದೆರಡು ದಿನದ ಆಟಕ್ಕೆ ಆಯ್ಕೆಯಾಗದೆ ವಾಪಸು ಬರುವವನು ಎಂದರ್ಥ. ಉಳಿದವರ ವಿಷಯ ಗೊತ್ತಿಲ್ಲ, ನನ್ನ ಮಟ್ಟಿಗೆ ಅರ್ಥ ಅದೇ ಆಗಿತ್ತು.

ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ನನ್ನ ಸೋದರತ್ತೆ ಖಾನಾಪುರದ ಒಂದು ಸಂಬಂಧ ತಂದಳು. ಒಳ್ಳೆಯ ಮನೆತನ, ಲಿಂಗವಂತರು, ಹುಡುಗಿಯ ಅಜ್ಜನದು ಇಟ್ಟಂಗಿ ಭಟ್ಟಿ. ನನ್ನ ಉದ್ಯೋಗದ ಬಗ್ಗೆ ಅತ್ತೆಯೂ ಅವ್ವನ ಹಾಗೆ ಮಾತನ್ನು ಕ್ಯಾಂಪಿನಲ್ಲೇ ನಿಲ್ಲಿಸಿದ್ದಳು. ಕನ್ಯೆ ನೋಡಲು ಹೋದೆವು. ಹುಡುಗಿ ಚಹಾ ತಂದು ಕೊಟ್ಟಳು. ನಾನು ಕಪ್ಪು ಹಿಡಿಯಲು ಎರಡೂ ಕೈ ಮುಂದೆ ಚಾಚಿದೆ. ಅವಳು ತಲೆ ತಗ್ಗಿಸಿದವಳು ನೇರ ನನ್ನ ಕೈಗಳನ್ನೇ ನೋಡಿದಳು.

"ಒಂದ ಕೈ ಕರ್ರಗ, ಒಂದ ಕೈ ಬೆಳ್ಳಗ ಯಾಕೈತ್ರಿ?" ಎಂದಳು.

ತೊನ್ನು ಇರಬಹುದೇ ಎಂದು ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹುಡುಗಿಯ ಸೋದರಮಾವ ನನ್ನ ಪಕ್ಕದಿಂದ ಸ್ವಲ್ಪ ಸರಿದು ಕೂತ. ಹೇಳದೆ ಗತಿ ಇರಲಿಲ್ಲ. ಗಾಲ್ಫ್ ಆಡುವಾಗ ಎಡಗೈಗೆ ಮಾತ್ರ ಚೀಲದಂಥ ಗ್ಲೌಸು ಹಾಕುತ್ತೇವೆ, ಆ ಕೈಗೆ ಬಿಸಿಲು ತಾಗುವುದಿಲ್ಲ, ಇದು ರೋಗವಲ್ಲ ಉದ್ಯೋಗ ಎಂದು ಬಿಡಿಸಿ ಹೇಳಿದೆ. ಅತ್ತೆ ಹಣೆ ಒತ್ತಿಕೊಂಡಳು. ಹುಡುಗಿ ಮಾತ್ರ ತುಟಿ ಕಚ್ಚಿ ನಗು ತಡೆದುಕೊಂಡು ಒಳಗೆ ಹೋದಳು. ಮದುವೆಯಾದರೆ ಇವಳನ್ನೇ ಎಂದು ನಾನು ಅಲ್ಲೇ ಗಟ್ಟಿ ಮಾಡಿಕೊಂಡೆ. ಅಷ್ಟು ಆಸೆ ನನಗೆ ಯಾವ ಪಂದ್ಯದ ಮೇಲೂ ಹುಟ್ಟಿರಲಿಲ್ಲ.

ಅಜ್ಜ ಕೋಟಿನ ಗುಂಡಿ ಸರಿಮಾಡಿಕೊಂಡು ಕೇಳಿದರು. "ಆಟ ಇರ್ಲಿ. ಕಾಯಕ ಏನ್ರಿ?"

"ಅದ ರೀ, ಅಜ್ಜಾರ."

"ಆಟಾನ ಕಾಯಕೇನು?" ಎಂದರು ಅವರು. "ಆಗ್ಲಿ. ಐತವಾರ ಮನಿ ನೋಡಾಕ ಬರ್ತೀವಿ. ಕೆಲಸಾನೂ ನೋಡೇ ಬಿಡೂಣು."

ಅಜ್ಜನಿಗೆ ಮನುಷ್ಯರನ್ನು ಅಳೆಯಲು ಇದ್ದದ್ದು ಒಂದೇ ಅಳತೆ. ಸೂರ್ಯ ಮುಳುಗುವುದರೊಳಗೆ ಎಷ್ಟು ಇಟ್ಟಂಗಿ ಮಾಡಿದ. ಹೆಚ್ಚು ಮಾಡಿದವ ಸಂಭಾವಿತ, ಕಡಿಮೆ ಮಾಡಿದವ ಮೈಗಳ್ಳ. ಭಟ್ಟಿಯ ಲೆಕ್ಕದಲ್ಲಿ ಇದು ಸರಿಯೇ. ಗಾಲ್ಫಿನ ಲೆಕ್ಕ ತಿರುಗಾಮುರುಗಾ ಎಂಬುದು ಆಗ ನನಗೆ ಹೊಳೆಯಲಿಲ್ಲ. ನಮ್ಮಲ್ಲಿ ಚೆಂಡನ್ನು ಕುಳಿಗೆ ಹಾಕಲು ಯಾರು ಕಡಿಮೆ ಹೊಡೆತ ತೆಗೆದುಕೊಳ್ಳುತ್ತಾರೋ ಅವರು ಗೆದ್ದಂತೆ.

ಐತವಾರ ಖಾನಾಪುರದಿಂದ ಟ್ರ್ಯಾಕ್ಸ್ ಗಾಡಿ ತುಂಬ ಜನ ಬಂದಿಳಿದರು. ಹುಡುಗನ ಮನೆ ನೋಡುವುದೆಂದರೆ ಪೊಲೀಸರ ತಪಾಸಣೆಗಿಂತ ಒಂದು ಕೈ ಮೇಲು. ನಳ ತಿರುಗಿಸಿ ನೀರು ಬರುತ್ತದೆಯೇ ನೋಡಿದರು, ಮೂಲೆಯ ಕಿರಾಣಿ ಅಂಗಡಿಯಲ್ಲಿ ನನ್ನ ಚಾಳಿ ವಿಚಾರಿಸಿದರು. ಅಜ್ಜ ಬೆರಳಿನಿಂದ ಗೋಡೆ ಬಡಿದು ಕಿವಿಗೊಟ್ಟು, "ಇಟ್ಟಂಗಿ ನಮ್ಮವಲ್ಲ" ಎಂದು ನಿಟ್ಟುಸಿರು ಬಿಟ್ಟರು. ಅವಲಕ್ಕಿ, ಚಹಾ ಆದ ಮೇಲೆ ಎಲ್ಲರೂ ಮೈದಾನಕ್ಕೆ ನಡೆದೆವು. ನಾನು ಮೊದಲೇ ಸಾಹೇಬರ ಕೈಕಾಲು ಹಿಡಿದು ಒಪ್ಪಿಗೆ ಪಡೆದಿದ್ದೆ. ಬೀಗರಾಗುವವರು ಮರದ ನೆರಳಿನಲ್ಲಿ ಸಾಲಾಗಿ ಕೂತರು. ಅವ್ವ ಅವರ ಪಕ್ಕದಲ್ಲಿ ಕೈ ಮುಗಿದುಕೊಂಡೇ ಕೂತಳು.

ಮೊದಲ ಕುಳಿಗೆ ನಾನು ಹೊಡೆದ ಹೊಡೆತವನ್ನು ಈಗಲೂ ನೆನೆಸಿಕೊಳ್ಳುತ್ತೇನೆ. ಚೆಂಡು ಮರಗಳ ಮೇಲೆ ಹಾದು, ಹೇಳಿದ ಮಾತು ಕೇಳುವ ಮಗುವಿನ ಹಾಗೆ ಹೋಗಿ ಕುಳಿಯ ಸುತ್ತಲಿನ ಹಸಿರಿನ ಅಂಚಿಗೆ ಕೂತಿತು. ಇನ್ನೆರಡು ಹೊಡೆತಕ್ಕೆ ಕುಳಿಯೊಳಗೆ. ಚೀಲ ಹೊರುವ ಕ್ಯಾಡಿಗಳು ಚಪ್ಪಾಳೆ ತಟ್ಟಿದರು. ನಾನು ಹುಬ್ಬೇರಿಸಿ ಮರದ ಕಡೆ ನೋಡಿದೆ.

"ಝಾಲಂ? ಏವಢಂಚ?" ಎಂದ ಸೋದರಮಾವ. ಮುಗೀತಾ, ಇಷ್ಟೇನಾ ಎಂದು ಮರಾಠಿಯಲ್ಲಿ.

"ಮೂರ ಹೊಡತ," ಎಂದರು ಅಜ್ಜ ಅವ್ವನಿಗೆ. "ಇಷ್ಟಕ್ಕ ಮುಂಜಾನಿ ಎದ್ದು ಇಲ್ಲೀತನಕಾ ಬರ್ತಾರೇನ್ರಿ ನಿಮ್ಮ ಮಗಾ?"

ಅದೇ ಹೊತ್ತಿಗೆ ಬಾಜೂ ಕುಳಿಯ ಹತ್ತಿರ ನನ್ನ ಶಿಷ್ಯರೊಬ್ಬರು ಮರಳುಗುಂಡಿಯೊಳಗೆ ಸಿಕ್ಕಿಹಾಕಿಕೊಂಡಿದ್ದರು. ದಪ್ಪನೆಯ ನಿವೃತ್ತ ಅಧಿಕಾರಿ. ಹೊಡೆದರೆ ಮರಳು ಹಾರುತ್ತಿತ್ತು, ಚೆಂಡು ಅಲ್ಲೇ ಇರುತ್ತಿತ್ತು. ಮತ್ತೆ ಹೊಡೆಯುವರು, ಮತ್ತೆ ಮರಳು. ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿತ್ತು. ಅಜ್ಜ ನನ್ನನ್ನು ಮರೆತು ಅತ್ತ ತಿರುಗಿ ಕೂತರು. ಅವರ ಮುಖದಲ್ಲಿ ಭಕ್ತಿ ಕಾಣುತ್ತಿತ್ತು.

"ಕೆಲಸಂದ್ರ ಅದು ನೋಡ್ರಿ. ಅವರದ ಲಗ್ನ ಆಗೇತೇನು?"

ಅವರಿಗೆ ಮೊಮ್ಮಕ್ಕಳಿದ್ದರು. ಇಲ್ಲದಿದ್ದರೆ ಏನಾಗುತ್ತಿತ್ತೋ ಹೇಳಲಾರೆ.

ಹುಡುಗಿ ಕೈಬಿಟ್ಟು ಹೋದಳು ಎಂಬ ಯೋಚನೆ ತಲೆಯೊಳಗೆ ಹೊಕ್ಕಿದ್ದೇ ತಡ, ಎರಡನೆಯ ಕುಳಿಗೆ ಹೊಡೆದ ಚೆಂಡು ನೇರ ಮರಳುಗುಂಡಿಗೆ ಬಿತ್ತು. ತೆಗೆಯಲು ಹೊಡೆದೆ, ಬರಲಿಲ್ಲ. ಇನ್ನೊಂದು ಹೊಡೆದೆ, ಗುಂಡಿಯ ಗೋಡೆಗೆ ಬಡಿದು ನನ್ನ ಕಾಲ ಬುಡಕ್ಕೇ ಬಂತು. ಗಾಲ್ಫಿನಲ್ಲಿ ಯಾರಾದರೂ ಹೊಡೆಯುವಾಗ ಪಕ್ಕದವರು ಕೆಮ್ಮುವುದೂ ಇಲ್ಲ. ಆದರೆ ಅಜ್ಜ ಎದ್ದು ಗುಂಡಿಯ ದಂಡೆಗೆ ಬಂದು, ಭಟ್ಟಿಯಲ್ಲಿ ಇಟ್ಟಂಗಿ ಎಣಿಸುವ ದನಿಯಲ್ಲಿ ಎಣಿಸತೊಡಗಿದರು. "ನಾಕ... ಐದ..." ಹಿಂದಿನಿಂದ ಟ್ರ್ಯಾಕ್ಸಿನ ಜನ ದನಿಗೂಡಿಸಿದರು. ದೂರದಲ್ಲಿ ಆಡುತ್ತಿದ್ದ ಸಾಹೇಬರೆಲ್ಲ ಕೋಲು ಕೆಳಗಿಟ್ಟು ನೋಡಿದರು. ಕ್ಯಾಡಿಗಳು ಮುಖಕ್ಕೆ ಟವೆಲು ಮುಚ್ಚಿಕೊಂಡರು. ಹನ್ನೊಂದಕ್ಕೆ ಚೆಂಡು ಕುಳಿಗೆ ಬಿದ್ದಾಗ ನನ್ನ ಕಣ್ಣು, ಕಿವಿ, ಬಾಯಿ ಎಲ್ಲ ಮರಳಾಗಿತ್ತು. ಮಾನವೂ ಹೋಯಿತು, ಹುಡುಗಿಯೂ ಹೋದಳು ಎಂದು ಅಳು ಬಂದಂತಾಯಿತು.

ಅಜ್ಜ ಹತ್ತಿರ ಬಂದವರೇ ಹೆಗಲ ಮೇಲಿನ ಟವೆಲಿನಿಂದ ನನ್ನ ಹಣೆ ಒರೆಸಿದರು. "ಈಗ ಮೈ ಬಗ್ಗಿಸಿ ದುಡದ್ರಿ ನೋಡ್ರಿ. ಮೊದಲ ಯಾಕ ಆಳಸಿತನಾ ಮಾಡಿದ್ರಿ? ಇರ್ಲಿ, ಹುಡುಗಿ ಕೊಡ್ತೀವಿ."

"ಅಜ್ಜಾರ, ಖರೇ ಹೇಳಬೇಕಂದ್ರ ಇದರಾಗ ಕಡಿಮಿ..." ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅವ್ವ ಮುಂದೆ ಬಂದು ನನ್ನ ಪಾದ ತುಳಿದು ನಿಂತಳು. ಅಜ್ಜನ ಜೊತೆ ಮುಹೂರ್ತದ ಮಾತು ಮುಗಿಯುವ ತನಕ ಕಾಲು ತೆಗೆಯಲಿಲ್ಲ.

ಮದುವೆಯಾಯಿತು. ನನ್ನಾಕೆ ವಾರದೊಳಗೆ ಆಟದ ನಿಯಮ ಕೇಳಿ ತಿಳಿದುಕೊಂಡಳು, ಸೆರಗು ಬಾಯಿಗೆ ತುರುಕಿಕೊಂಡು ಒಂದು ತಾಸು ನಕ್ಕಳು. ಆಮೇಲೆ, "ಅಜ್ಜಗ ಹೇಳಬ್ಯಾಡ್ರಿ ಮತ್ತ. ವಾಪಸ್ ಕರಕೊಂಡ ಹೋಗ್ತಾನ" ಎಂದಳು.

ಅದಾಗಿ ಎರಡು ವರ್ಷಕ್ಕೆ ಪುಣೆಯಲ್ಲಿ ನಾನು ಒಂದು ಪಂದ್ಯ ಗೆದ್ದೆ. ಸಣ್ಣ ಪಂದ್ಯ, ಆದರೂ ಪಂದ್ಯ. ಬಹುಮಾನದ ಕಪ್ಪನ್ನು ತೊಡೆಯ ಮೇಲಿಟ್ಟುಕೊಂಡು ರೈಲಿನಲ್ಲಿ ಬಂದೆ. ಯಾರಾದರೂ ಕೇಳಲಿ ಎಂದು ದಾರಿಯುದ್ದಕ್ಕೂ ಅದನ್ನು ಒರೆಸಿದೆ. ಯಾರೂ ಕೇಳಲಿಲ್ಲ. ಮರುದಿನ ಪತ್ರಿಕೆಯ ಆಟದ ಪುಟದ ಮೂಲೆಯಲ್ಲಿ ಆಟಗಾರರ ಹೆಸರು, ಮುಂದೆ ಹೊಡೆತಗಳ ಅಂಕಿ, ಅಷ್ಟೇ ಅಚ್ಚಾಗಿತ್ತು. ಎಲ್ಲಕ್ಕೂ ಮೇಲೆ ನನ್ನ ಹೆಸರು, ಎಲ್ಲಕ್ಕಿಂತ ಸಣ್ಣ ಅಂಕಿ.

ಮೊದಲ ಬಸ್ಸಿಗೇ ಖಾನಾಪುರದಿಂದ ಅಜ್ಜ ಬಂದರು. ಕೈಯಲ್ಲಿ ರೊಟ್ಟಿಯ ಗಂಟು, ಶೇಂಗಾ ಚಟ್ನಿಯ ಹಿಂಡಿ, ಮುಖದಲ್ಲಿ ಸಾವಿನ ಮನೆಗೆ ಬಂದವರ ಕಳೆ. ನನ್ನ ಪಕ್ಕ ಕೂತು ಬೆನ್ನ ಮೇಲೆ ಕೈಯಿಟ್ಟರು.

"ಪೇಪರ ನೋಡಿದ್ನಿ, ಅಳಿಯಾರ. ಎಲ್ಲಾರಕಿಂತ ಕಡಿಮಿ ನಿಮ್ಮದ. ಅದನ್ನ ಮತ್ತ ಮ್ಯಾಲೇ ಬರದಾರ, ಮಂದಿಗಿ ಕಾಣ್ಲಿ ಅಂತ. ಎಂಥಾ ಮಂದಿನೋ." ಆಮೇಲೆ ಟೀವಿಯ ಮೇಲಿದ್ದ ಕಪ್ಪು ಅವರ ಕಣ್ಣಿಗೆ ಬಿತ್ತು. "ಸಮಾಧಾನಕ್ಕ ಕೊಟ್ಟಾರೇನ್ರಿ? ಅಷ್ಟರ ಛಲೋ ಮಾಡಿದ್ರು."

ಒಳಗಿನಿಂದ ಪಾತ್ರೆ ಬಿದ್ದ ಸದ್ದಾಯಿತು. ನನ್ನಾಕೆ ನಗು ತಡೆಯಲಾರದೆ ಯಾವುದನ್ನೋ ಕೈಬಿಟ್ಟಿದ್ದಳು. ಗೆದ್ದೆ ಎಂದು ಹೇಳಲು ನನ್ನ ನಾಲಿಗೆ ತುರಿಸುತ್ತಿತ್ತು. ಆಯುಷ್ಯದಲ್ಲಿ ಒಂದೇ ಸಲ ಗೆದ್ದಿದ್ದೆ. ಆದರೆ ಅಜ್ಜ ಗಂಟು ಬಿಚ್ಚಿ, ರೊಟ್ಟಿಗೆ ಹಿಂಡಿ ಹಚ್ಚಿ, ತಾವೇ ನನ್ನ ಕೈಗೆ ಕೊಟ್ಟು ಹೇಳಿದರು. "ಉಣ್ರಿ. ನಿಮ್ಮ ನಂಬರ ನೋಡಿ ಹುಡುಗಿ ಕೊಟ್ಟಿಲ್ಲ ನಾವು. ಗುಂಡ್ಯಾಗ ಬಿದ್ರೂ ಕೈ ಬಿಡಲಿಲ್ಲಲ್ಲ, ಅದನ್ನ ನೋಡಿ ಕೊಟ್ಟೀವಿ."

ಅಷ್ಟು ವರ್ಷ ಸೋತು ಮನೆಗೆ ಬಂದಾಗ ಹೀಗೆ ಪಕ್ಕ ಕೂತು ತುತ್ತು ಕೊಟ್ಟವರಿರಲಿಲ್ಲ. ಗೆದ್ದ ದಿನ ಅದೂ ಸಿಕ್ಕಿತು. "ಹೌದ್ರಿ ಅಜ್ಜಾರ, ಈ ಸಲ ಬಾಳ ಕಡಿಮಿ ಆತು" ಎಂದೆ.

"ಚಿಂತಿ ಮಾಡಬ್ಯಾಡ್ರಿ. ಬಸವಣ್ಣ ಅದಾನ. ಮುಂದಿನ ಸಲ ಎಲ್ಲಾರಕಿಂತ ಹೆಚ್ಚ ಹೊಡೀತೀರಿ" ಎಂದು ತಲೆಯ ಮೇಲೆ ಕೈಯಿಟ್ಟು ಹರಸಿದರು.

ಹಿರಿಯರ ಆಶೀರ್ವಾದ ಸುಳ್ಳಾಗುವುದಿಲ್ಲ. ಮುಂದಿನ ಪಂದ್ಯದಲ್ಲಿ ನಾನೇ ಎಲ್ಲರಿಗಿಂತ ಹೆಚ್ಚು ಹೊಡೆದೆ, ಪಟ್ಟಿಯ ತೀರ ಕೆಳಗೆ ಬಿದ್ದೆ. ಅಜ್ಜ ಅಂದು ಖಾನಾಪುರದ ತುಂಬ ಬೆಳಗಾವಿಯ ಸಿಹಿ ಕುಂದಾ ಹಂಚಿದರಂತೆ.